ಪಕ್ಷೇತರ ಪಾಠ

ಶಾಸಕನೆಂದರೆ ಸಾಮಾನ್ಯವಾಗಿ ಒಂದು ಪಕ್ಷದ ಧೋರಣೆಯನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸುವವನು ಎಂದು ಪಠ್ಯಪುಸ್ತಕಗಳು ವಿವರಿಸುತ್ತವೆಯಾದರೂ, ಶಿವಮೊಗ್ಗದ ಕೋಟೆ ಭಾಗದ ಕಟ್ಟೆಯೊಂದರ ಮೇಲೆ ಕುಳಿತ ರಾಜ್ಯಶಾಸ್ತ್ರದ ಮೇಷ್ಟ್ರಿಗೂ ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದ ರಾಯರಿಗೂ ಈ ವಿಷಯದಲ್ಲಿ ಒಮ್ಮತವಿರಲಿಲ್ಲ.

"ಪಕ್ಷವಿಲ್ಲದೆ ಶಾಸಕನೆಲ್ಲಿ, ರಾಯರೇ?"

"ಭದ್ರಾವತಿಯಲ್ಲಿ, ಮೇಷ್ಟ್ರೇ. 1994 ಮತ್ತು 1999ರಲ್ಲಿ ಎಂ.ಜೆ. ಅಪ್ಪಾಜಿ, 2004ರಲ್ಲಿ ಬಿ.ಕೆ. ಸಂಗಮೇಶ್ವರ ಪಕ್ಷೇತರರಾಗಿ, ಅಂದರೆ ಯಾವ ಪಕ್ಷದ ಟಿಕೆಟ್ಟೂ ಇಲ್ಲದೆ ಗೆದ್ದರು. ಆಮೇಲೆ ಒಬ್ಬರಿಗೆ ಜನತಾದಳ, ಇನ್ನೊಬ್ಬರಿಗೆ ಕಾಂಗ್ರೆಸ್ ಒದಗಿದರೂ ಮತದಾರನ ಪಾಲಿಗೆ ಉಳಿದದ್ದು ಅವೇ ಎರಡು ಹೆಸರು."

"ಹಾಗಾದರೆ ಸಿದ್ಧಾಂತ?"

"1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯನ್ನೂ ಅದರ ತಮ್ಮನಂತಿದ್ದ ಕಾಗದದ ಕಾರ್ಖಾನೆಯನ್ನೂ ಉಳಿಸುವುದು. ಕಾಗದದ ಯಂತ್ರಗಳು ನಿಂತ ಮೇಲೂ ಭರವಸೆಯ ಉತ್ಪಾದನೆ ಮೂರು ಪಾಳಿಯಲ್ಲಿ ನಡೆದೇ ಇದೆ."

ಮೇಷ್ಟ್ರು ಸಂಸದೀಯ ಶಿಸ್ತಿನತ್ತ ಹೊರಳಿದರು. 2021ರ ಮಾರ್ಚ್ 4ರಂದು ಸದನದಲ್ಲಿ 'ಒಂದು ದೇಶ, ಒಂದು ಚುನಾವಣೆ' ಕುರಿತ ಚರ್ಚೆ ಎದ್ದಾಗ ಸಂಗಮೇಶ್ವರರು ಪ್ರತಿಭಟಿಸುತ್ತ ಅಂಗಿ ಕಳಚಿದ್ದನ್ನೂ, ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಅವರನ್ನು ಅಮಾನತುಗೊಳಿಸಿದ್ದನ್ನೂ, ಅಂದರೆ ಕೆಲ ದಿನ ಕಲಾಪದಿಂದ ಹೊರಗಿಟ್ಟದ್ದನ್ನೂ ಅವರು ನೆನಪಿಸಿದರು.

"ಇದು ಕಳಂಕವಲ್ಲವೇ?"

"2023ರಲ್ಲಿ ಮತ್ತೆ ಗೆದ್ದರಲ್ಲ! ಚರ್ಚೆ ಯಾರಿಗೆ ನೆನಪಿದೆ, ಅಂಗಿ ಎಲ್ಲರಿಗೂ ನೆನಪಿದೆ."

ಮೇಷ್ಟ್ರು ಪಠ್ಯದ ಪರಿಷ್ಕೃತ ಆವೃತ್ತಿಗೆ ವಸ್ತ್ರಸಂಹಿತೆಯ ಅಧ್ಯಾಯವೊಂದನ್ನು ಸೇರಿಸಬಹುದೇ ಎಂದು ಗಂಭೀರವಾಗಿ ವಿಚಾರಿಸಿದರು.

"ಸೇರಿಸಿ, ಆದರೆ ಕಾಗದ ಬೇರೆ ಊರಿನಿಂದ ತರಿಸಿ" ಎಂದರು ರಾಯರು.