ಕಂಬಿಶಾಸ್ತ್ರ ಪ್ರವೇಶಿಕೆ

ಮೆಟ್ಟಿಲಿನ ಕೈಕಂಬಿ ಇರುವುದು ಮನುಷ್ಯನಿಗಾಗಿಯೋ ಒದ್ದೆ ಬಟ್ಟೆಗಾಗಿಯೋ ಎಂಬ ಜಿಜ್ಞಾಸೆಯನ್ನು ನಮ್ಮ ದಾರ್ಶನಿಕರು ಯಾಕೋ ಎತ್ತಿಕೊಳ್ಳಲಿಲ್ಲ. ಆ ಕೊರತೆ ನೀಗಿಸಲು ಪ್ರಸ್ತುತ ಲೇಖಕ ಟೊಂಕ ಕಟ್ಟಿದ್ದಾನೆ.

ಮೊದಲು ಪ್ರಮಾಣ ವಿಚಾರ. ಅಮೆರಿಕದಲ್ಲಿ ಚಲಾವಣೆಯಲ್ಲಿರುವ ‘ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್’ ಎಂಬ ಸ್ಮೃತಿಯಂತೆ ಕೈಕಂಬಿಯು ಮೆಟ್ಟಿಲ ಮೂಗಿನಿಂದ, ಅಂದರೆ ಮುಂದಿನ ಅಂಚಿನಿಂದ, 34 ಇಂಚಿಗೆ ಕಡಿಮೆಯಿರಬಾರದು, 38 ಮೀರಬಾರದು. ಗೋಡೆಗೂ ಕಂಬಿಗೂ ಕನಿಷ್ಠ ಒಂದೂವರೆ ಇಂಚು ಅಂತರ. ಹೆಸರು ಅಂತಾರಾಷ್ಟ್ರೀಯವಾದರೂ ಅಗ್ರಪೂಜೆ ಇಂಚಿಗೇ; ಮಿಲಿಮೀಟರಿಗೆ ಸಿಕ್ಕಿರುವುದು ಆವರಣ ಚಿಹ್ನೆಯೊಳಗಿನ ಜಾಗ.

ಈ ಸ್ಮೃತಿಯ ಸೊಬಗೆಲ್ಲ ಇರುವುದು ಗೋಲ ಪ್ರಕರಣದಲ್ಲಿ. ತಡೆಕಟ್ಟಿನ ಸರಳುಗಳ ಸಂದಿಯಲ್ಲಿ 4 ಇಂಚು ವ್ಯಾಸದ ಗೋಲ ತೂರಬಾರದು. ಗೋಲವೆಂದರೆ ಇಲ್ಲಿ ಪುಟ್ಟ ಮಗುವೆಂದು ತಿಳಿಯುವುದು. ಆದರೆ 36 ಇಂಚಿನಿಂದ ಮೇಲೆ 42ರವರೆಗೆ ಗೋಲವು 4 3/8 ಇಂಚು. ಕಾಲಿಡುವ ಟ್ರೆಡ್ಡು, ನೆಟ್ಟಗೆ ನಿಂತ ರೈಸರು, ತಡೆಕಟ್ಟಿನ ಕೆಳಪಟ್ಟಿ ಸೇರುವ ತ್ರಿಕೋನದಲ್ಲೋ, ಪೂರಾ 6 ಇಂಚು! ಪೂರ್ವಪಕ್ಷ: ಮೂರಡಿ ಮೇಲೆ ಹತ್ತಿದ ಮಾತ್ರಕ್ಕೆ ಮಗು ದಪ್ಪವಾಗುವುದೇ? ಸಿದ್ಧಾಂತ: ಕೋಡ್ ಹೇಳಿದ ಮೇಲೆ ಆಗಲೇಬೇಕು. ತ್ರಿಕೋನದ ಬಳಿ ಬಂದಾಗ ಇನ್ನಷ್ಟು ಆಗಬೇಕು.

ಇನ್ನು ಬಲ ಪರೀಕ್ಷೆ. ಕಂಬಿಯ ಯಾವ ಬಿಂದುವಿನ ಮೇಲೆ, ಯಾವ ದಿಕ್ಕಿನಿಂದ 200 ಪೌಂಡು ಒತ್ತಿದರೂ ಅದು ಜಗ್ಗಬಾರದು. ಯಾವ ದಿಕ್ಕಿನಿಂದಾದರೂ ಎಂದರೆ ಕೆಳಗಿನಿಂದ ಮೇಲಕ್ಕೂ ಎಂದಾಯಿತು. ಹಾಗೆ ಒತ್ತುವ ಮಹಾನುಭಾವ ಯಾರು, ಅವನು ಮೆಟ್ಟಿಲ ಕೆಳಗೆ ಏನು ಮಾಡುತ್ತಿದ್ದ ಎಂಬ ಬಗ್ಗೆ ಸ್ಮೃತಿಕಾರರು ಮೌನ. ಕಂಬಿಯ ತುದಿ ಗೋಡೆಯತ್ತ ಬಾಗಿರಬೇಕೆಂಬ ವಿಧಿ ಮಾತ್ರ ತೋಳಿನ ಬಟ್ಟೆ ಸಿಕ್ಕಿಕೊಳ್ಳದಿರಲೆಂದು. ಸೆರಗು, ದುಪಟ್ಟಾ, ಪಂಚೆ ಚುಂಗುಗಳ ನಮ್ಮ ನಾಡಿಗೆ ಇದಕ್ಕಿಂತ ಹಿತವಾದ ಸೂತ್ರವಿಲ್ಲ. ವೆಲ್ಡಿಂಗ್ ಅಂಗಡಿಯವನು ಅದನ್ನಿನ್ನೂ ಓದಿಲ್ಲ.

1970ರಲ್ಲಿ ಮೊದಲು ಹೊರಬಂದ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಗೆ ಮೂಗಿನ ಮೋಹವಿಲ್ಲ. ಟ್ರೆಡ್ಡಿನ ನಟ್ಟನಡುವಿನಿಂದ ಅಳೆದು 1000 ಮಿಲಿಮೀಟರ್ ಎನ್ನುತ್ತದೆ.

ಪ್ರಯೋಗ ಪ್ರಕರಣಕ್ಕೆ ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟ್ ಸಾಕು. ಮೊದಲ ಮಹಡಿಯ ಕಂಬಿಗೆ ಹಿಂಡದ ಬೆಡ್‌ಶೀಟು, ಅದರಿಂದ ತೊಟ್ಟಿಕ್ಕಿದ ನೀರು ಗ್ರಾನೈಟಿನ ಮೇಲೆ. ಎರಡನೆಯದಕ್ಕೆ ಸೈಕಲ್ಲು, ಸರಪಳಿ, ಬೀಗ. ಮೂರನೆಯದರಲ್ಲಿ ಕಾಲೊರೆಸು, ಮೇಲೆ ಎರಡು ಕ್ಲಿಪ್ಪು. ಅಜ್ಜ ಗೋಡೆ ಹಿಡಿದು ಇಳಿಯುತ್ತಿದ್ದಾರೆ.

ಇಷ್ಟು ದೂರ ಓದಿದ ವಿದ್ವಾಂಸರು ದಯವಿಟ್ಟು ಎದ್ದುಹೋಗಿ ಕಂಬಿಯ ಮೇಲಿನ ತಮ್ಮ ಟವೆಲನ್ನು ತೆಗೆಯತಕ್ಕದ್ದು.