ರೋಲ್‌ಬ್ಯಾಕ್ ಆಗದ ಸಂಸಾರ

ನಾನು ಏನು ಕೆಲಸ ಮಾಡುತ್ತೇನೆಂದು ನಮ್ಮತ್ತೆಗೆ ಒಪ್ಪಿಸುವುದು ಇವತ್ತಿಗೂ ನನ್ನ ಕೈಲಾಗಿಲ್ಲ.

“ಸಾಫ್ಟ್‌ವೇರ್ ಸರಿಯಿದೆಯಾ ಅಂತ ಕಂಪ್ಯೂಟರೇ ಸಾಲಾಗಿ ಟೆಸ್ಟ್ ಓಡಿಸುತ್ತೆ ಅತ್ತೆ. ಒಂದು ಟೆಸ್ಟ್ ಬಿಟ್ಟುಹೋದ ಡೇಟಾ ಮುಂದಿನದರ ಕಾಲಿಗೆ ತೊಡರಬಾರದಲ್ಲ, ಅದಕ್ಕೇ ನಡುನಡುವೆ ಡೇಟಾಬೇಸ್ ಕ್ಲೀನ್ ಮಾಡಿಸ್ತೀನಿ.”

“ಕ್ಲೀನಿಂಗಾ?” ಅತ್ತೆ ಮಗಳ ಮುಖ ನೋಡಿದರು. ಮಗಳು ಸಿಂಕಿನ ಕಡೆ ನೋಡಿದಳು. ಬೆಳಗಿನಿಂದ ನಾನು ಕುಡಿದಿಟ್ಟ ಕಾಫಿ ಲೋಟಗಳು, ತಳದಲ್ಲಿ ಗಸಿ ಒಣಗಿಸಿಕೊಂಡು, ಒಂದರೊಳಗೊಂದು ಸಿಕ್ಕಿಕೊಂಡು ಕೂತಿದ್ದವು.

“ಆಫೀಸಿನೋರು ಪುಣ್ಯವಂತರಮ್ಮ” ಎಂದಳು.

ಟೆಸ್ಟ್ ಮುಗಿದಾಗಲೆಲ್ಲ ಟೇಬಲ್ಲುಗಳನ್ನು ಟ್ರಂಕೇಟ್ ಮಾಡಿ ಬರಿದಾಗಿಸಬಹುದು. ಆದರೆ ನಿಧಾನ. ಜಾಂಗೋದ ಟೆಸ್ಟ್‌ಕೇಸ್ ಉಪಾಯವೇ ಬೇರೆ: ಪ್ರತಿ ಟೆಸ್ಟನ್ನೂ ಟ್ರಾನ್ಸಾಕ್ಷನ್ನಿನೊಳಗೆ ಓಡಿಸಿ, ಮುಗಿದೊಡನೆ ರೋಲ್‌ಬ್ಯಾಕ್. ಯಾವುದೂ ಕಮಿಟ್ ಆಗಿರುವುದಿಲ್ಲ, ಒರೆಸುವುದಕ್ಕೂ ಏನೂ ಉಳಿದಿರುವುದಿಲ್ಲ. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ್ದು.

ಆದರೂ ಒಂದು ಭಾನುವಾರ, ತಿಂಡಿಯ ಹೊತ್ತಿಗೆ ಸರಿಯಾಗಿ, ಟೆಸ್ಟ್ ಕೆಂಪಾಯಿತು. ಗ್ರಾಹಕನ ಐಡಿ 1 ಇರಬೇಕಿತ್ತು, 7 ಬಂದಿದೆ. ಅದೊಂದನ್ನೇ ಓಡಿಸಿದರೆ ಹಸಿರು, ಉಳಿದವುಗಳ ಹಿಂದೆ ಓಡಿಸಿದರೆ ಕೆಂಪು. ಪೋಸ್ಟ್‌ಗ್ರೆಸ್‌ನಲ್ಲಿ ರೋಲ್‌ಬ್ಯಾಕ್ ಆದರೆ ಸಾಲುಗಳು ಮಾಯವಾಗುತ್ತವೆ, ಸೀಕ್ವೆನ್ಸ್ ಮಾತ್ರ ಹಿಂದೆ ಸರಿಯುವುದಿಲ್ಲ. ಒಮ್ಮೆ ಕೊಟ್ಟ ನಂಬರು ಕೊಟ್ಟದ್ದೇ.

ನಮ್ಮ ಮನೆಯ ಜಗಳವೂ ಇದೇ ಜಾತಿಯದು. “ಆಗಲೇ ಇಲ್ಲ ಅಂದ್ಕೋ ಮಾರಾಯ್ತಿ” ಎಂದು ನಾನು ರೋಲ್‌ಬ್ಯಾಕ್ ಘೋಷಿಸುತ್ತೇನೆ. ಹೆಂಡತಿಯೂ ಹೂಂ ಅನ್ನುತ್ತಾಳೆ. ಆದರೆ ಮುಂದಿನ ಜಗಳ ಯಾವತ್ತೂ 1ರಿಂದ ಶುರುವಾದದ್ದಿಲ್ಲ. ಅವಳ ತಂಗಿಯ ಮದುವೆಯಲ್ಲಿ ಬೀಗರ ಪಂಕ್ತಿಗಿಂತ ಮೊದಲೇ ನಾನು ಹೋಳಿಗೆ ತಿಂದು ಎದ್ದದ್ದೂ ಲೆಕ್ಕದಲ್ಲಿರುತ್ತದೆ.

ಪೋಸ್ಟ್‌ಗ್ರೆಸ್‌ಗಾದರೆ ಔಷಧಿಯುಂಟು. ಟ್ರಂಕೇಟ್ ಜೊತೆಗೆ ರಿಸ್ಟಾರ್ಟ್ ಐಡೆಂಟಿಟಿ ಎಂದು ಬರೆದರೆ ಎಣಿಕೆಯೂ ಮೊದಲಿಗೆ ಬರುತ್ತದೆ. ಕ್ಯಾಸ್ಕೇಡ್ ಅಂತ ಸೇರಿಸಿದರೆ ನಂಟಿರುವ ಟೇಬಲ್ಲುಗಳೂ ಖಾಲಿ! ಅತ್ತೆ ಮನೆಯಲ್ಲಿರುವಷ್ಟು ದಿನ ಆ ಪದವನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ.

ಟೆಸ್ಟ್ ಬರೆಯುವ ಮಿತ್ರರಲ್ಲಿ ಒಂದೇ ಕೋರಿಕೆ. ಐಡಿ ಇಷ್ಟೇ ಬರುತ್ತದೆಂದು ಟೆಸ್ಟಿನೊಳಗೆ ನಂಬರು ಬರೆದಿಡಬೇಡಿ. ಡೇಟಾಬೇಸ್ ಕೊಟ್ಟ ಐಡಿಯನ್ನೇ ಕೇಳಿ ಪಡೆದು ಹೋಲಿಸಿ. ಭಾನುವಾರದ ದೋಸೆಯನ್ನಾದರೂ ಬಿಸಿಯಿರುವಾಗಲೇ ತಿನ್ನಬಹುದು.