ಸಿಟ್ಟಿಗೂ ಒಂದು ಪೀರಿಯಡ್

ಸಿಟ್ಟು ತಡೆದುಕೊಳ್ಳೋದು, ಇನ್ನೊಬ್ಬರ ನೋವು ತಿಳಿಯೋದು, ಸೋಲು ಅರಗಿಸಿಕೊಳ್ಳೋದು, ಇವನ್ನೆಲ್ಲ ಶಾಲೆಯಲ್ಲೇ ಕಲಿಸುತ್ತೇವೆ ಎಂದರೆ ಪೋಷಕರ ಸಭೆಯಲ್ಲಿ ಮೊದಲು ಏಳುವ ಪ್ರಶ್ನೆ: "ಮಿಸ್, ಇದಕ್ಕೆ ಎಷ್ಟು ಮಾರ್ಕ್ಸು?" ಇಲ್ಲ ಎಂದರೆ ಅರ್ಧ ಸಭೆ ಆಕಳಿಸುತ್ತದೆ. ಇದೆ ಎಂದರೆ ಉಳಿದರ್ಧ ಟ್ಯೂಷನ್ ಹುಡುಕಲು ಹೊರಡುತ್ತದೆ.

ದೆಹಲಿ ಸರ್ಕಾರ 2018ರಲ್ಲಿ ತನ್ನ ಶಾಲೆಗಳಲ್ಲಿ ನರ್ಸರಿಯಿಂದ ಎಂಟನೇ ತರಗತಿವರೆಗೆ 'ಹ್ಯಾಪಿನೆಸ್' ಪಠ್ಯಕ್ರಮ ತಂದಾಗ ದಲೈ ಲಾಮಾ ಅವರೇ ಬಂದು ಚಾಲನೆ ಕೊಟ್ಟರು. ಕಣ್ಣು ಮುಚ್ಚಿ ಕೂರುವುದು, ಕಥೆ ಕೇಳುವುದು, ಅದರ ಬಗ್ಗೆ ಮಾತಾಡುವುದು, ಪರೀಕ್ಷೆ ಇರಲಿಲ್ಲ. ಪರೀಕ್ಷೆಯೇ ಇಲ್ಲವೆಂದ ಮೇಲೆ ಮಕ್ಕಳಿಗೆ ಬೇರೆ ಹ್ಯಾಪಿನೆಸ್ ಯಾಕೆ ಬೇಕಿತ್ತೋ!

ಅಜ್ಜಂದಿರ ವಾದ ಬೇರೆ. "ನಮ್ಮ ಕಾಲದಲ್ಲಿ ಒಂದು ಕಡುಬಿಗೆ ಐದು ಜನ ಕಿತ್ತಾಡಿ ಹಂಚಿಕೊಳ್ಳೋದು ಕಲಿತ್ವಿ, ಫೀಸಿಲ್ದೆ." ನಿಜ. ಆ ಐವರಲ್ಲಿ ಇಬ್ಬರು ಸೈಟಿನ ವಿಷಯಕ್ಕೆ ಇವತ್ತಿಗೂ ಕೋರ್ಟು ಅಲೆಯುತ್ತಿದ್ದಾರೆ ಅನ್ನೋದನ್ನು ಮಾತ್ರ ಅಜ್ಜ ನುಂಗಿಕೊಳ್ಳುತ್ತಾರೆ.

ಕೆಲವು ಅಮ್ಮಂದಿರಿಗೆ ಇನ್ನೊಂದು ಭಯ: ಹುಡುಗ ತೀರಾ ಒಳ್ಳೆಯವನಾಗಿಬಿಟ್ಟರೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತೋದು ಹೇಗೆ?

ನಾನಂತೂ ಪಾಠದ ಪರ. ತೊಂದರೆ ಇರೋದು ಹೋಮ್‌ವರ್ಕಿನಲ್ಲಿ. 'ಮನೆಯಲ್ಲಿ ಯಾರಿಗೆ ಹೆಚ್ಚು ಸಿಟ್ಟು ಬರುತ್ತದೆ, ಗಮನಿಸಿ ಬರೆಯಿರಿ' ಎಂದು ಕೊಟ್ಟರೆ ಮುಗಿಯಿತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅಪ್ಪ ಹಾರ್ನ್ ಒತ್ತುತ್ತಾ ಮುಂದಿನವನ ವಂಶಾವಳಿ ಜಾಲಾಡುತ್ತಿರುವಾಗ ಹಿಂದಿನ ಸೀಟಿನಿಂದ ದನಿ: "ಅಪ್ಪಾ, ಹತ್ತರವರೆಗೆ ಎಣಿಸು. ಮಿಸ್ ಹೇಳಿದ್ದಾರೆ."

ಪಕ್ಕದಲ್ಲಿ ಕೂತ ಅಮ್ಮ ಆಗಲೇ ತೀರ್ಮಾನಿಸಿಯಾಗಿದೆ, ಈ ಪಾಠಕ್ಕೆ ಫೀಸು ಜಾಸ್ತಿಯಾದರೂ ಅಡ್ಡಿಯಿಲ್ಲ ಎಂದು.